ಗೆಳೆಯರಿಬ್ಬರ ಟ್ರೈಲ್ ಓಟ: ಪುಣೆ ಸುತ್ತಲಿನ ಕೋಟೆ ದಾರಿಗಳಿಗೆ ಸಮಗ್ರ ಮಾರ್ಗದರ್ಶಿ

ರಸ್ತೆಯಲ್ಲಿ 21 ಕಿಮೀ ಓಡಿ ರೂಢಿಯಿರುವವರು, ಗುಡ್ಡಗಾಡಿನ ಕಾಲುದಾರಿಯಲ್ಲಿ ಓಡುವ ಟ್ರೈಲ್ ಓಟದ 25 ಕಿಮೀ ಅಂದಾಗ "ಇನ್ನು ನಾಲ್ಕೇ ಕಿಲೋಮೀಟರ್ ಹೆಚ್ಚು" ಅಂದುಕೊಂಡು ಹೆಸರು ಕೊಟ್ಟುಬಿಡುತ್ತಾರೆ. ಸಹ್ಯಾದ್ರಿಯಲ್ಲಿ ಈ ಲೆಕ್ಕ ನಡೆಯುವುದಿಲ್ಲ. ಅದರ ಮೇಲೆ ಇಬ್ಬರು ಗೆಳೆಯರು ಸೇರಿ ಹೋಗುವಾಗ ಓಟ ಕೆಡುವುದು ಕಾಲಿನಿಂದಷ್ಟೇ ಅಲ್ಲ, ಮೊದಲೇ ಆಡಿಕೊಳ್ಳದೆ ಬಿಟ್ಟ ಮಾತುಗಳಿಂದಲೂ ಕೆಡುತ್ತದೆ. ಕಾರಿನ ಕೀಲಿ ಯಾರ ಹತ್ತಿರ? ಒಬ್ಬರಿಗೆ ಕಾಲು ಉಳುಕಿದರೆ ಇನ್ನೊಬ್ಬರು ನಿಲ್ಲಬೇಕೋ, ಮುಂದೆ ಹೋಗಬೇಕೋ? ಫೋನ್ ಹತ್ತದ ಕಣಿವೆಯಲ್ಲಿ ಯಾರು ಯಾರನ್ನು ಎಲ್ಲಿ ಕಾಯಬೇಕು? ಮುಂಬೈ-ಪುಣೆಯಲ್ಲಿರುವ ಕನ್ನಡಿಗರನ್ನೂ, ಬೆಳಗಾವಿ-ಹುಬ್ಬಳ್ಳಿ ಕಡೆಯಿಂದ ಬಂದು ಅವರನ್ನು ಕೂಡಿಕೊಳ್ಳುವ ಗೆಳೆಯರನ್ನೂ ಮನಸ್ಸಿನಲ್ಲಿಟ್ಟುಕೊಂಡು, ಹೆಸರು ನೋಂದಾಯಿಸುವುದರಿಂದ ಸೋಮವಾರ ಬೆಳಗಿನ ಆಫೀಸಿನ ಮೆಟ್ಟಿಲಿನವರೆಗೆ ಬೇಕಾದದ್ದನ್ನು ಇಲ್ಲಿ ಕೊಟ್ಟಿದೆ.

ಯಾವ ಓಟ, ಎಷ್ಟು ದೂರ

ಈ ಭಾಗದಲ್ಲಿ ಓಡಲು ಒಳ್ಳೆಯ ಕಾಲ ನವೆಂಬರ್‌ನಿಂದ ಫೆಬ್ರವರಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕರಿಗಲ್ಲಿನ ಮೇಲೆ ಪಾಚಿ ಕಟ್ಟಿರುತ್ತದೆ. ಅಕ್ಟೋಬರ್‌ನಲ್ಲಿ ಮಳೆ ನಿಂತ ಕೂಡಲೇ ಬಿಸಿಲು ಏರುತ್ತದೆ, ಮಾರ್ಚ್ ದಾಟಿದರೆ ಬೋಳು ಗುಡ್ಡದ ಮೇಲೆ ನೆರಳೇ ಇರುವುದಿಲ್ಲ. ಸಿಂಹಗಡ, ರಾಜಗಡ, ತೋರಣಾ ಮೂರು ಕೋಟೆಗಳನ್ನು ಕೂಡಿಸುವ ಎಸ್‌ಆರ್‌ಟಿ ಅಲ್ಟ್ರಾ ಎಂಬ ಓಟ ಡಿಸೆಂಬರ್‌ನಲ್ಲಿ ನಡೆಯುತ್ತ ಬಂದಿರುವುದಕ್ಕೂ ಈ ಹವೆಯೇ ಕಾರಣ. ಅದರಲ್ಲಿ 11, 25, 53, 100 ಕಿಮೀ ಎಂದು ಬೇರೆ ಬೇರೆ ದೂರಗಳಿವೆ. ಸಾತಾರಾದ ಹಿಲ್ ಹಾಫ್ ಮ್ಯಾರಥಾನ್ ಗುಡ್ಡ ಹತ್ತುವ ಓಟವೇ ಆದರೂ ಅದು ಡಾಂಬರು ರಸ್ತೆ. ಅದನ್ನು ಮುಗಿಸಿದ ಅನುಭವ ದಮ್ಮಿಗೆ ನೆರವಾಗುತ್ತದೆ, ಪಾದಕ್ಕೆ ಅಷ್ಟಾಗಿ ಅಲ್ಲ. ಕೊಡಗು, ಚಿಕ್ಕಮಗಳೂರಿನ ಕಾಫಿ ತೋಟದ ಮಣ್ಣುದಾರಿಯಲ್ಲಿ ಓಡಿದವರೂ ಇಲ್ಲಿ ಮೊದಲ ಇಳಿಜಾರಿನಲ್ಲೇ ವ್ಯತ್ಯಾಸ ಕಾಣುತ್ತಾರೆ. ಅಲ್ಲಿ ಮಣ್ಣು ಪಾದವನ್ನು ಹಿಡಿಯುತ್ತದೆ, ಇಲ್ಲಿ ಕಲ್ಲು ಜಾರಿಸುತ್ತದೆ.

ದೂರ ಆರಿಸುವಾಗ ಈ ಲೆಕ್ಕ ಹಾಕಿ. ಒಟ್ಟು ಏರಿನ ಪ್ರತಿ 100 ಮೀಟರನ್ನು ಸಮತಟ್ಟಿನ 1 ಕಿಮೀ ಎಂದು ಎಣಿಸಿ ದೂರಕ್ಕೆ ಕೂಡಿಸಬೇಕು. 25 ಕಿಮೀ ಓಟದಲ್ಲಿ 1,300 ಮೀಟರ್ ಏರು ಇದ್ದರೆ ಅದು 38 ಕಿಮೀ ಶ್ರಮ. ನೀವು ಮಾತಾಡುತ್ತ ಆರಾಮಾಗಿ ರಸ್ತೆಯಲ್ಲಿ ಓಡುವ ವೇಗ ಕಿಲೋಮೀಟರಿಗೆ 7 ನಿಮಿಷವಾದರೆ 38 × 7 = 266 ನಿಮಿಷ, ಅಂದರೆ ನಾಲ್ಕೂವರೆ ಗಂಟೆಗೆ ಸ್ವಲ್ಪ ಕಡಿಮೆ. ಕಲ್ಲುದಾರಿ ಹೊಸತಾಗಿದ್ದರೆ ಇದಕ್ಕೆ ನಾಲ್ಕನೇ ಒಂದು ಭಾಗ ಸೇರಿಸಿ: ಐದೂವರೆ ಗಂಟೆ. ಈ ಅಂಕಿ ಓಟದ ಕಟ್‌ಆಫ್ ಸಮಯಕ್ಕಿಂತ (ಓಟ ಮುಗಿಸಲು ಸಂಘಟಕರು ಕೊಡುವ ಗಡುವು) ಕನಿಷ್ಠ 45 ನಿಮಿಷ ಕೆಳಗಿರಬೇಕು. ಇಲ್ಲದಿದ್ದರೆ ಚಿಕ್ಕ ದೂರಕ್ಕೆ ಇಳಿಯಿರಿ. ಇಬ್ಬರಲ್ಲಿ ನಿಧಾನವಾಗಿ ಓಡುವವರ ಲೆಕ್ಕವೇ ಇಬ್ಬರ ಲೆಕ್ಕ. ಇಲ್ಲವಾದರೆ ಒಬ್ಬರು 11, ಇನ್ನೊಬ್ಬರು 25 ಓಡಿ, ಅದರಲ್ಲಿ ಏನೂ ತಪ್ಪಿಲ್ಲ. ವಾಪಸು ಗಾಡಿ ಓಡಿಸುವ ದೃಷ್ಟಿಯಿಂದ ನೋಡಿದರೆ ಅದೇ ಒಳ್ಳೆಯದು.

ದುಡ್ಡು ಕಟ್ಟುವ ಮೊದಲೇ ಆಡಿಕೊಳ್ಳಬೇಕಾದ ಮಾತು

ಮೊದಲ ಮಾತು: ಜೊತೆಯಾಗಿ ಓಡುವುದೋ, ಬೇರೆಬೇರೆಯಾಗಿಯೋ? "ನೋಡೋಣ, ಅಲ್ಲಿ ಹೋದ ಮೇಲೆ" ಅನ್ನುವುದು ಉತ್ತರವಲ್ಲ. ಜೊತೆಯಾಗಿ ಅಂತಾದರೆ ಏರಿನಲ್ಲಿ ನಿಧಾನದವರು ಮುಂದೆ, ವೇಗದವರು ಹಿಂದೆ ಇರಬೇಕು. ಉಲ್ಟಾ ಮಾಡಿದರೆ ಮುಂದಿನವರು ಪ್ರತಿ ತಿರುವಿನಲ್ಲಿ ನಿಂತು ಆರಾಮ ತೆಗೆದುಕೊಳ್ಳುತ್ತಾರೆ. ಹಿಂದಿನವರು ಏದುಸಿರು ಬಿಡುತ್ತ ಬಂದು ಮುಟ್ಟುವ ಹೊತ್ತಿಗೆ ಇವರು ಮತ್ತೆ ಹೊರಟಿರುತ್ತಾರೆ. ಆರಾಮ ಬೇಕಾದವರಿಗೆ ಒಂದು ನಿಮಿಷವೂ ಸಿಗುವುದಿಲ್ಲ. ಹೀಗೆ ಮೂರು ತಾಸು ನಡೆದರೆ ಎಂಥ ಗೆಳೆತನವೂ ಹುಳಿಯಾಗುತ್ತದೆ.

ಬೇರೆಬೇರೆಯಾಗಿ ಅಂತಾದರೆ, ಹಿಂದೆ ತಿರುಗಿ ನೋಡದೆ ಓಡಲು ಒಬ್ಬರಿಗೊಬ್ಬರು ಮನಸಾರೆ ಒಪ್ಪಿಗೆ ಕೊಟ್ಟಿರಬೇಕು.

ಎರಡನೆಯ ಮಾತು: ಒಬ್ಬರು ಅರ್ಧಕ್ಕೆ ಬಿಟ್ಟರೆ? ಮೈಕೈ ನೋವು, ಸುಸ್ತು, ಬೇಸರಕ್ಕಾಗಿ ಬಿಟ್ಟವರು ಸಂಘಟಕರು ದಾರಿಯಲ್ಲಿ ಇಟ್ಟ ಸಮೀಪದ ನೀರಿನ ತಾಣಕ್ಕೆ ಹೋಗಿ ಬಿಬ್ ನಂಬರ್ (ಎದೆಗೆ ಚುಚ್ಚಿಕೊಂಡ ಓಟದ ಸಂಖ್ಯೆ) ಬರೆಸಿ ಹಿಂದಿರುಗುತ್ತಾರೆ, ಇನ್ನೊಬ್ಬರು ಓಟ ಮುಂದುವರಿಸುತ್ತಾರೆ. ತಲೆಗೆ ಪೆಟ್ಟು, ಮಾತು ತೊದಲುವುದು, ಕಾಲೂರಲಾಗದ ಉಳುಕು ಇದ್ದರೆ ಮಾತ್ರ ಇಬ್ಬರೂ ನಿಲ್ಲಬೇಕು. ಅಪರಿಚಿತ ಓಟಗಾರ ಬಿದ್ದಿದ್ದರೂ ಇದೇ ನಿಯಮ. ಈ ಗೆರೆಯನ್ನು ಮನೆಯಲ್ಲಿ ಕೂತೇ ಎಳೆದುಕೊಂಡಿರಬೇಕು. ಗುಡ್ಡದ ಮೇಲೆ, ಬಿಸಿಲಲ್ಲಿ, ಸಕ್ಕರೆ ಇಳಿದ ತಲೆಯಲ್ಲಿ ಯಾರೂ ಸರಿಯಾಗಿ ತೀರ್ಮಾನ ಮಾಡಲಾರರು.

ಮೂರನೆಯದು: ಭೇಟಿಯ ಜಾಗ ಮತ್ತು ಹೊತ್ತು. ರಾಜಗಡ-ತೋರಣಾ ಸಾಲಿನ ಕಣಿವೆಗಳಲ್ಲಿ ಫೋನ್ ನೆಟ್‌ವರ್ಕ್ ನಂಬುವಂಥದ್ದಲ್ಲ. "ಮುಗಿಸಿ ಫೋನ್ ಮಾಡ್ತೀನಿ" ಎಂಬ ಏರ್ಪಾಡು ಬೇಡ. ಓಟ ಮುಗಿಯುವ ಗೆರೆಯ ಪಕ್ಕದ ಒಂದು ಮರ, ಗುಡಿಯ ಕಟ್ಟೆ, ಊಟದ ಪೆಂಡಾಲು ಯಾವುದಾದರೂ ಒಂದನ್ನು ಹಿಂದಿನ ದಿನವೇ ಇಬ್ಬರೂ ಕಣ್ಣಾರೆ ನೋಡಿ ಗೊತ್ತುಮಾಡಿ. ಕಟ್‌ಆಫ್ ಆಗಿ 30 ನಿಮಿಷ ಕಳೆದರೂ ಒಬ್ಬರು ಬರದಿದ್ದರೆ ಇನ್ನೊಬ್ಬರು ನೇರವಾಗಿ ಸಂಘಟಕರ ಮೇಜಿಗೆ ಹೋಗಿ ಬಿಬ್ ನಂಬರ್ ಕೊಡಬೇಕು. ಹುಡುಕಿಕೊಂಡು ತಾವೇ ವಾಪಸು ದಾರಿಗಿಳಿಯಬಾರದು, ಆಗ ಹುಡುಕಬೇಕಾದವರು ಇಬ್ಬರಾಗುತ್ತಾರೆ.

ಎಂಟು ವಾರದ ತಯಾರಿ

ವಾರಕ್ಕೆ ನಾಲ್ಕು ದಿನ ಸಾಕು: ಎರಡು ದಿನ 40–50 ನಿಮಿಷದ ಸಾಧಾರಣ ಓಟ, ಒಂದು ದಿನ ಏರು-ಇಳಿತ, ವಾರದ ಕೊನೆಗೊಂದು ಉದ್ದ ಓಟ. ಉದ್ದ ಓಟವನ್ನು ಕಿಲೋಮೀಟರಲ್ಲಿ ಅಳೆಯಬೇಡಿ, ಗಂಟೆಯಲ್ಲಿ ಅಳೆಯಿರಿ. ಮೊದಲ ವಾರ ಒಂದೂವರೆ ಗಂಟೆಯಿಂದ ಶುರುಮಾಡಿ, ಆರನೇ ವಾರಕ್ಕೆ ನಾಲ್ಕು ಗಂಟೆ ಮುಟ್ಟಿಸಿ, ಕೊನೆಯ ಎರಡು ವಾರ ಅರ್ಧಕ್ಕೆ ಇಳಿಸಿ.

ಪುಣೆಯಲ್ಲಿರುವವರಿಗೆ ಗುಡ್ಡಗಳಿಗೆ ಬರವಿಲ್ಲ. ವೇತಾಳ ಟೇಕಡಿ, ಹನುಮಾನ್ ಟೇಕಡಿ, ತಳಜಾಯಿ ವಾರದ ನಡುವಿನ ಓಟಕ್ಕೆ, ಸಿಂಹಗಡ ವಾರದ ಕೊನೆಗೆ. ಸ್ವಾರಗೇಟಿನಿಂದ ಗುಡ್ಡದ ಬುಡಕ್ಕೆ ಪಿಎಂಪಿಎಂಎಲ್ (ಪುಣೆಯ ನಗರ ಸಾರಿಗೆ) ಬಸ್ಸಿದೆ. ಆತಕರವಾಡಿಯಿಂದ ಮೇಲಕ್ಕೆ ಮೂರು ಕಿಮೀ ಒಳಗೆ ಸುಮಾರು 600 ಮೀಟರ್ ಏರು. ಮೊದಲ ಸಲ ಒಂದೂವರೆ ಗಂಟೆ ಹಿಡಿದರೆ ಸಹಜ. ಆರನೇ ವಾರಕ್ಕೆ ಒಂದೇ ಬೆಳಿಗ್ಗೆ ಎರಡು ಸಲ ಹತ್ತಿ ಇಳಿಯಲು ಆದರೆ 25 ಕಿಮೀ ಓಟಕ್ಕೆ ತಯಾರಾದಂತೆ. ಕಾತ್ರಜದ ಹಳೆ ಸುರಂಗದ ಹತ್ತಿರದಿಂದ ಸಿಂಹಗಡದವರೆಗೆ ಗುಡ್ಡದ ಮೇಲೆ ಗುಡ್ಡ ದಾಟುವ ದಾರಿಯೂ ಒಳ್ಳೆಯ ಅಭ್ಯಾಸ. ಆದರೆ ಅದಕ್ಕೆ ದಾರಿ ಬಲ್ಲವರ ಜೊತೆಯೇ ಹೋಗಿ, ನಡುವೆ ನೀರು ಸಿಗುತ್ತದೆಂದು ನಂಬಬೇಡಿ.

ಮುಂಬೈಯವರಿಗೆ ಬೊರಿವಲಿಯ ರಾಷ್ಟ್ರೀಯ ಉದ್ಯಾನದಲ್ಲಿ ಕಾನ್ಹೇರಿ ಗುಹೆಯವರೆಗಿನ ಏರುರಸ್ತೆ ಇದೆ, ಠಾಣೆಯಲ್ಲಿ ಯೇವೂರು ಇದೆ. ಎರಡೂ ಚಿರತೆಯ ಜಾಗ. ಬೆಳಕು ಹರಿಯುವ ಮೊದಲು, ಒಬ್ಬರೇ, ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಓಡಬೇಡಿ. ವಾರದ ದಿನಗಳಿಗೆ ಮುಂಬೈಯವರ ಗುಡ್ಡ ಅಂದರೆ ಸ್ವಂತ ಬಿಲ್ಡಿಂಗಿನ ಮೆಟ್ಟಿಲು. ಒಂದು ಮಹಡಿ 3 ಮೀಟರ್ ಅಂದರೆ 20 ಮಹಡಿಗೆ 60 ಮೀಟರ್, ಹತ್ತು ಸಲ ಹತ್ತಿದರೆ ಒಂದು ಸಿಂಹಗಡ. ಇಲ್ಲಿ ಬಹಳ ಜನ ಮಾಡುವ ತಪ್ಪು ಒಂದಿದೆ: ಹತ್ತಿ, ಮೊಣಕಾಲು ಉಳಿಸಲೆಂದು ಲಿಫ್ಟಿನಲ್ಲಿ ಇಳಿಯುತ್ತಾರೆ. ಕೋಟೆ ಓಟದಲ್ಲಿ ತೊಡೆ ಸೋಲುವುದು ಇಳಿಯುವಾಗಲೇ. ಇಳಿಯುವಾಗ ತೊಡೆಯ ಮುಂಭಾಗದ ಸ್ನಾಯು ಹಿಗ್ಗುತ್ತಲೇ ಭಾರ ತಡೆಯಬೇಕಾಗುತ್ತದೆ, ಎಳೆಗಳಿಗೆ ಪೆಟ್ಟು ಬೀಳುವುದು ಆ ಕೆಲಸದಿಂದ. ಆ ಪೆಟ್ಟನ್ನು ಒಮ್ಮೆ ಉಂಡ ಸ್ನಾಯು ಮುಂದಿನ ಕೆಲವು ವಾರ ಗಟ್ಟಿಯಾಗಿರುತ್ತದೆ. ಆದ್ದರಿಂದ ಓಟಕ್ಕೆ ಎರಡು-ಮೂರು ವಾರ ಮುಂಚೆ ಒಂದು ದಿನ ಬೇಕೆಂದೇ ಉದ್ದ ಇಳಿಜಾರು ಓಡಿ, ಎರಡು ದಿನ ತೊಡೆ ನೋಯಿಸಿಕೊಳ್ಳಿ. ಕೊನೆಯ ಹತ್ತು ದಿನದಲ್ಲಿ ಮಾತ್ರ ಇದನ್ನು ಮಾಡಬೇಡಿ.

ಶೂ, ಸಾಕ್ಸ್, ಬೆನ್ನಚೀಲ

ಒಣ ಕಲ್ಲುದಾರಿಗೆ ಅಡಿಯ ಹಲ್ಲು 3–4 ಮಿಮೀ ಇರುವ ಶೂ ಸಾಕು, ಮಳೆಗಾಲದ ಕೆಸರಿಗೆ 5–6 ಮಿಮೀ. ಹಲ್ಲಿಗಿಂತ ರಬ್ಬರಿನ ಗುಣವೇ ಮುಖ್ಯ: ಗಟ್ಟಿ ರಬ್ಬರು ನುಣುಪು ಕರಿಗಲ್ಲಿನ ಮೇಲೆ ಎಷ್ಟೇ ಹಲ್ಲಿದ್ದರೂ ಜಾರುತ್ತದೆ. ಅಳತೆ ನೋಡಲು ಸಂಜೆ ಹೊತ್ತು ಹೋಗಿ, ಆಗ ಪಾದ ಸ್ವಲ್ಪ ಊದಿರುತ್ತದೆ. ಓಡುವ ಸಾಕ್ಸ್ ಹಾಕಿಕೊಂಡೇ ನೋಡಿ. ಉದ್ದನೆಯ ಬೆರಳಿನ ಮುಂದೆ ಹೆಬ್ಬೆರಳಿನ ಅಗಲ ಜಾಗ ಬೇಕು. ಇಳಿಜಾರಿನಲ್ಲಿ ಪಾದ ಮುಂದಕ್ಕೆ ಜಾರಿ ಉಗುರು ಶೂ ತುದಿಗೆ ಗಂಟೆಗಟ್ಟಲೆ ಬಡಿಯುತ್ತದೆ. ಉಗುರು ಕಪ್ಪಾಗಿ ಬೀಳುವುದು ಹೀಗೇ. ಪಾದ ಜಾರದಂತೆ ಲೇಸನ್ನು ಮೇಲಿನ ಕೊನೆಯ ಎರಡು ತೂತುಗಳಲ್ಲಿ ಅದೇ ಬದಿಗೆ ಕುಣಿಕೆ ಮಾಡಿ, ಎದುರು ಬದಿಯ ಲೇಸನ್ನು ಆ ಕುಣಿಕೆಯೊಳಗೆ ತೂರಿಸಿ ಎಳೆದು ಕಟ್ಟಿ. ಹಿಮ್ಮಡಿ ಅಲ್ಲಾಡದೆ ಕೂರುತ್ತದೆ. ಉಗುರನ್ನು ಓಟಕ್ಕೆ ಮೂರು-ನಾಲ್ಕು ದಿನ ಮುಂಚೆಯೇ ಕತ್ತರಿಸಿ, ಹಿಂದಿನ ರಾತ್ರಿ ಬೇಡ.

ನವೆಂಬರ್-ಡಿಸೆಂಬರ್‌ನಲ್ಲಿ ಗುಡ್ಡದ ಹುಲ್ಲು ಒಣಗಿ ಅದರ ಊಬು ಉದುರುತ್ತಿರುತ್ತದೆ. ಮರಾಠಿಯಲ್ಲಿ ಇದಕ್ಕೆ ಕುಸಳ ಅನ್ನುತ್ತಾರೆ. ಸೂಜಿಯಂಥ ತುದಿ ಸಾಕ್ಸಿನ ನೂಲಲ್ಲಿ ಹೊಕ್ಕು, ಹೆಜ್ಜೆ ಹಾಕಿದಂತೆಲ್ಲ ತಿರುಪಿನ ಹಾಗೆ ಒಳಗೇ ಸಾಗುತ್ತದೆ. ಹಿಂದಕ್ಕೆ ಎಳೆದರೆ ಅರ್ಧ ಮುರಿಯುತ್ತದೆ, ಚುಚ್ಚಿದ ದಿಕ್ಕಿನಲ್ಲೇ ಒಳಗಿನಿಂದ ಎಳೆದು ತೆಗೆಯಬೇಕು. ಕಣಕಾಲು ಮುಚ್ಚುವ ತೆಳು ಗೇಟರ್ ಅಥವಾ ನುಣುಪು ನೂಲಿನ ಉದ್ದ ಸಾಕ್ಸ್ ಹಾಕಿದರೆ ಈ ಕಾಟ ಬಹಳಷ್ಟು ತಪ್ಪುತ್ತದೆ. ದಪ್ಪ ಹತ್ತಿ ಸಾಕ್ಸ್ ಎರಡು ರೀತಿಯಲ್ಲಿ ಕೆಟ್ಟದ್ದು: ಕುಸಳ ಹಿಡಿಯುತ್ತದೆ, ಬೆವರು ಕುಡಿದು ಗುಳ್ಳೆ ಎಬ್ಬಿಸುತ್ತದೆ.

ಚೀಲದಲ್ಲಿ ಇರಬೇಕಾದದ್ದು: ಒಂದೂವರೆ ಲೀಟರ್ ನೀರು ಹಿಡಿಯುವ ವ್ಯವಸ್ಥೆ, ಸೀಟಿ, ಹಣೆಗೆ ಕಟ್ಟುವ ಹೆಡ್‌ಲ್ಯಾಂಪ್ ಮತ್ತು ಬೇರೆ ಬ್ಯಾಟರಿ, ಮಡಿಸಿದ ಬೆಳ್ಳಿಬಣ್ಣದ ತುರ್ತು ಹೊದಿಕೆ, ಒಂದು ಕ್ರೇಪ್ ಬ್ಯಾಂಡೇಜ್, ನಾಲ್ಕಾರು ಬ್ಯಾಂಡೇಡ್, ಅಂಟುಟೇಪು, ಗುರುತಿನ ಚೀಟಿ, 500 ರೂಪಾಯಿ ನಗದು (ಹಳ್ಳಿಯಲ್ಲಿ ನೆಟ್‌ವರ್ಕ್ ಇಲ್ಲದಿದ್ದರೆ ಯುಪಿಐ ಕೂಡ ಇಲ್ಲ), ಮಡಿಸುವ ಲೋಟ. ಅನೇಕ ಟ್ರೈಲ್ ಓಟಗಳಲ್ಲಿ ಕಾಗದದ ಲೋಟ ಕೊಡುವುದಿಲ್ಲ. ಸಂಘಟಕರ ಕಡ್ಡಾಯ ಪಟ್ಟಿ ಇದ್ದರೆ ಅದರಲ್ಲಿ ಒಂದನ್ನೂ ಬಿಡಬೇಡಿ. "ಒಂದು ಸೀಟಿ ಇಬ್ಬರಿಗೂ ಸಾಕು" ಅನ್ನುವುದು ಇಲ್ಲಿ ನಡೆಯುವುದಿಲ್ಲ, ಪ್ರತಿಯೊಬ್ಬರ ಚೀಲವೂ ಪೂರ್ತಿಯಾಗಿರಬೇಕು. ತುಂಬಿದ ಚೀಲ ಹೊತ್ತು ಕನಿಷ್ಠ ಎರಡು ಉದ್ದ ಓಟ ಮಾಡಿ ನೋಡಿ. ಭುಜ, ಕಂಕುಳು, ತೊಡೆಸಂದಿಯಲ್ಲಿ ಎಲ್ಲಿ ಉಜ್ಜುತ್ತದೆ ಅನ್ನುವುದು ಆಗಲೇ ಗೊತ್ತಾಗುತ್ತದೆ. ಅಲ್ಲಿಗೆ ವ್ಯಾಸಲೀನ್ ಹಚ್ಚಿ.

ನೀರು, ಉಪ್ಪು, ತಿಂಡಿ

ಗಂಟೆಗೆ 500–600 ಮಿಲೀ ನೀರು ಬಹುತೇಕರಿಗೆ ಹೊಂದುತ್ತದೆ. ಬಿಸಿಲೇರಿದ ಮೇಲೆ 700–800 ಆಗಬಹುದು. ಇನ್ನೂ ನಿಖರವಾಗಿ ಬೇಕಿದ್ದರೆ ಒಂದು ಗಂಟೆ ಓಡುವ ಮೊದಲೂ ಆಮೇಲೂ ಬಟ್ಟೆ ತೆಗೆದು ತೂಕ ನೋಡಿ: ಇಳಿದ ಪ್ರತಿ ಕಿಲೋ ಸುಮಾರು ಒಂದು ಲೀಟರ್ ಬೆವರು. ನಡುವೆ ನೀರು ಕುಡಿದಿದ್ದರೆ ಅದನ್ನೂ ಕೂಡಿಸಿ.

ಬರೀ ನೀರನ್ನೇ ಹೊಟ್ಟೆ ತುಂಬ ಕುಡಿಯುವುದು ನೀರಡಿಕೆಯಷ್ಟೇ ಅಪಾಯ. ರಕ್ತದ ಸೋಡಿಯಂ ಇಳಿದು ತಲೆನೋವು, ವಾಂತಿ, ಗಲಿಬಿಲಿ ಶುರುವಾಗುತ್ತದೆ. ಬೆರಳು ಊದಿ ಉಂಗುರ ಬಿಗಿಯುತ್ತದೆ. ಬಾಯಾರಿದಾಗ ಕುಡಿಯಿರಿ, ಜೊತೆಗೆ ಉಪ್ಪಿರಲಿ. ಔಷಧಿ ಅಂಗಡಿಯ ಓಆರ್‌ಎಸ್ ಪುಡಿಯ 21.8 ಗ್ರಾಂ ಪೊಟ್ಟಣ ಒಂದು ಲೀಟರ್ ನೀರಿಗೆ. ಅದನ್ನು ಅರ್ಧ ಲೀಟರ್ ಬಾಟಲಿಗೆ ಪೂರ್ತಿ ಸುರಿಯಬೇಡಿ, ಗಟ್ಟಿಯಾದ ದ್ರಾವಣ ಹೊಟ್ಟೆ ಕೆಡಿಸುತ್ತದೆ. ಎರಡು ಬಾಟಲಿ ಇಟ್ಟುಕೊಳ್ಳಿ, ಒಂದರಲ್ಲಿ ಓಆರ್‌ಎಸ್, ಇನ್ನೊಂದರಲ್ಲಿ ಬರೀ ನೀರು. ಬರೀ ನೀರು ತಲೆಗೆ ಸುರಿದುಕೊಳ್ಳಲಿಕ್ಕೂ ಬೇಕು.

ತಿಂಡಿ ಗಂಟೆಗೆ 30–60 ಗ್ರಾಂ ಕಾರ್ಬೋಹೈಡ್ರೇಟ್ ಒದಗಿಸುವಷ್ಟು. ನಡುವಿನ ಅಂಕಿ 40 ಹಿಡಿದರೆ ಐದೂವರೆ ಗಂಟೆಗೆ 220 ಗ್ರಾಂ. ಮಧ್ಯಮ ಗಾತ್ರದ ಬಾಳೆಹಣ್ಣಿನಲ್ಲಿ ಸುಮಾರು 25 ಗ್ರಾಂ, ಸಣ್ಣ ಖರ್ಜೂರ ಒಂದರಲ್ಲಿ 5–6 ಗ್ರಾಂ, ಅಂಗಡಿಯ ಜೆಲ್ ಒಂದರಲ್ಲಿ 22–25 ಗ್ರಾಂ, ಉಪ್ಪು ಹಚ್ಚಿದ ಬೇಯಿಸಿದ ಆಲೂಗಡ್ಡೆ 100 ಗ್ರಾಮಿಗೆ 17–20. ಲೋಣಾವಳದ ಶೇಂಗಾ ಚಿಕ್ಕಿ ದಾರಿಯಲ್ಲೇ ಸಿಗುತ್ತದೆ, ಒಳ್ಳೆಯದೇ. ಆದರೆ ಶೇಂಗಾದ ಎಣ್ಣೆಯಂಶದಿಂದ ನಿಧಾನವಾಗಿ ಕರಗುತ್ತದೆ, ಅದರ ಪುಡಿ ಒಣ ಗಂಟಲಿಗೆ ಸಿಕ್ಕಿಕೊಳ್ಳುತ್ತದೆ. ಸಮತಟ್ಟಿನಲ್ಲಿ ನಡೆಯುವಾಗ ಒಂದು ಗುಟುಕು ನೀರಿನ ಜೊತೆ ತಿನ್ನಿ, ಏರಿನ ನಡುವೆ ಬೇಡ. ರಾಜಗಿರಾ ಲಾಡು ಇದಕ್ಕಿಂತ ಹಗುರ. ಹಸಿವಾಗುವ ತನಕ ಕಾಯದೆ ಮೊದಲ 40 ನಿಮಿಷಕ್ಕೇ ಶುರುಮಾಡಿ, ಆಮೇಲೆ ಪ್ರತಿ ಅರ್ಧ ಗಂಟೆಗೊಮ್ಮೆ. ಇಬ್ಬರೂ ಒಟ್ಟಿಗೆ ಓಡುತ್ತಿದ್ದರೆ ಒಬ್ಬರು ಗಡಿಯಾರ ನೋಡಿ ಇಬ್ಬರಿಗೂ ನೆನಪಿಸಲಿ, ಜೊತೆಗಾರರಿರುವುದರ ದೊಡ್ಡ ಲಾಭ ಇದೇ.

ಶುಕ್ರವಾರ ಮತ್ತು ಶನಿವಾರ

ಓಟ ಭಾನುವಾರ ಬೆಳಿಗ್ಗೆ ಎಂದಿಟ್ಟುಕೊಳ್ಳಿ. ಮುಂಬೈಯವರು ಶುಕ್ರವಾರ ಸಂಜೆ ಸಿಎಸ್‌ಎಂಟಿಯಿಂದ ಐದು ಗಂಟೆ ದಾಟಿದ ಮೇಲೆ ಹೊರಡುವ ಡೆಕ್ಕನ್ ಕ್ವೀನ್ ಹಿಡಿದರೆ ರಾತ್ರಿ ಊಟದ ಹೊತ್ತಿಗೆ ಪುಣೆ. ಆ ಹೊತ್ತಿಗೆ ಎಕ್ಸ್‌ಪ್ರೆಸ್‌ವೇಯಲ್ಲಿ ಕಾರಿನಲ್ಲಿ ಸಿಕ್ಕಿಕೊಳ್ಳುವುದಕ್ಕಿಂತ ಇದು ಎಷ್ಟೋ ವಾಸಿ. ಹುಬ್ಬಳ್ಳಿ-ಧಾರವಾಡ-ಬೆಳಗಾವಿಯವರಿಗೆ ಪುಣೆಗೆ ವಂದೇ ಭಾರತ್ ಇದೆ, ಆದರೆ ದಿನಾಲೂ ಇಲ್ಲ, ನಿಮ್ಮ ದಿನಕ್ಕೆ ಹೊಂದುತ್ತದೆಯೇ ನೋಡಿಕೊಳ್ಳಿ. ರಸ್ತೆಯಲ್ಲಿ ಬರುವವರಿಗೆ ಒಂದು ಮಾತು: ಓಟ ರಾಜಗಡ-ತೋರಣಾದ ಕಡೆ ಇದ್ದರೆ ಪುಣೆ ಊರೊಳಗೆ ಹೋಗಿ ಮತ್ತೆ ಹಿಂದೆ ಬರುವ ಅಗತ್ಯವೇ ಇಲ್ಲ. ಕೊಲ್ಲಾಪುರ, ಸಾತಾರಾ ದಾಟಿ ಬರುವಾಗ ಹೆದ್ದಾರಿಯಲ್ಲೇ ನಸ್ರಾಪುರದ ಫಾಟಾ (ಕವಲು) ಸಿಗುತ್ತದೆ, ಅಲ್ಲಿಂದ ಎಡಕ್ಕೆ ವೇಲ್ಹೆಯ ದಾರಿ. ಪುಣೆಯ ಗೆಳೆಯ ಅಲ್ಲಿಗೇ ಬಂದು ಕೂಡಿಕೊಳ್ಳಲಿ.

ಉಳಿಯುವ ಜಾಗ ಓಟ ಶುರುವಾಗುವಲ್ಲಿಂದ ಅರ್ಧ ಗಂಟೆಯೊಳಗಿರಬೇಕು. ಸಿಂಹಗಡಕ್ಕಾದರೆ ಖಡಕ್‌ವಾಸ್ಲಾ, ಡೋಣಜೆ ಕಡೆ, ತೋರಣಾಕ್ಕೆ ವೇಲ್ಹೆ, ರಾಜಗಡಕ್ಕೆ ಗುಂಜವಣೆ. ಹಳ್ಳಿಮನೆಗಳಲ್ಲಿ ಚಾಪೆ, ಹೊದಿಕೆ, ಊಟ ಸಿಗುತ್ತವೆ. ಮನೆಯ ಹೆಂಗಸರನ್ನು "ಮಾವಶೀ", ಗಂಡಸರನ್ನು "ಕಾಕಾ" ಅಂತ ಕರೆದು ಮರಾಠಿಯಲ್ಲೇ ಎರಡು ಮಾತಾಡಿ. ಬೆಳಿಗ್ಗೆ ನಾಲ್ಕಕ್ಕೆ ಬಿಸಿನೀರು ಬೇಕೆಂಬುದನ್ನು ರಾತ್ರಿಯೇ ಹೇಳಿಡಿ. ಡಿಸೆಂಬರ್‌ನಲ್ಲಿ ಅಲ್ಲಿ ರಾತ್ರಿ ಚೆನ್ನಾಗಿ ಚಳಿಯಾಗುತ್ತದೆ, ಸ್ವೆಟರ್ ಇರಲಿ.

ಶನಿವಾರ ಮಧ್ಯಾಹ್ನದೊಳಗೆ ಬಿಬ್ ತೆಗೆದುಕೊಂಡು, ಕಿಟ್ ತಪಾಸಣೆ ಮುಗಿಸಿ. ಒಂದಿಷ್ಟು ಸುತ್ತಾಡಲು ಮನಸ್ಸಾಗುತ್ತದೆ, ಕೋಟೆ ಹತ್ತಿ ಬರೋಣ ಅನಿಸುತ್ತದೆ. ಹತ್ತಬೇಡಿ. ರಾತ್ರಿ ಊಟ ಏಳೂವರೆಗೆ: ಅನ್ನ, ತೆಳು ಬೇಳೆಸಾರು, ಮೊಸರು, ಆಲೂಗಡ್ಡೆ ಪಲ್ಯ. ಖಾರದ ಮಿಸಳ್, ಕಾಳಿನ ಉಸಳ್, ಹಸಿ ತರಕಾರಿ, ಪಿಠ್ಲಾ-ಭಾಕರಿ (ಕಡಲೆಹಿಟ್ಟಿನ ಝುಣಕ, ರೊಟ್ಟಿ) ಎಲ್ಲ ಓಟ ಮುಗಿದ ಮೇಲೆ. ಕಡಲೆಹಿಟ್ಟು ಮತ್ತು ನಾರು ಮರುದಿನ ಬೆಳಿಗ್ಗೆ ಗುಡ್ಡದ ಮೇಲೆ ಹೊಟ್ಟೆ ಉಬ್ಬಿಸುತ್ತವೆ. ಮಲಗುವ ಮೊದಲು ಬಟ್ಟೆ, ಬಿಬ್ ಪಿನ್ನು, ತಿಂಡಿ, ತುಂಬಿದ ಬಾಟಲಿ ಎಲ್ಲವನ್ನೂ ನೆಲದ ಮೇಲೆ ಸಾಲಾಗಿ ಜೋಡಿಸಿ, ಒಬ್ಬರ ಸಾಲನ್ನು ಇನ್ನೊಬ್ಬರು ನೋಡಲಿ. ತನ್ನ ಮರೆವು ತನಗೆ ಕಾಣುವುದಿಲ್ಲ.

ಆರಕ್ಕೆ ಓಟವಾದರೆ ಮೂರೂವರೆಗೆ ಏಳಬೇಕು. ನಾಲ್ಕಕ್ಕೆ ತಿನ್ನಬೇಕು: ಎರಡು ಬಾಳೆಹಣ್ಣು, ಜಾಮ್ ಬ್ರೆಡ್ ಅಥವಾ ರವೆ ಉಪ್ಪಿಟ್ಟು, ರೂಢಿಯಿದ್ದಷ್ಟೇ ಚಹಾ. ಐದೂ ಕಾಲಿಗೆ ಜಾಗ ಮುಟ್ಟಬೇಕು. ಆ ತಿಂಗಳಲ್ಲಿ ಪುಣೆಯಲ್ಲಿ ಸೂರ್ಯ ಹುಟ್ಟುವುದು ಏಳರ ಸುಮಾರಿಗೆ, ಆದ್ದರಿಂದ ಮೊದಲ ಮುಕ್ಕಾಲು ಗಂಟೆ ಹೆಡ್‌ಲ್ಯಾಂಪ್ ಬೆಳಕಿನ ಓಟ.

ಗುಡ್ಡದ ಮೇಲೆ

ಏರಿನಲ್ಲಿ ಓಡಬೇಡಿ, ನಡೆಯಿರಿ. ಪೂರ್ತಿ ವಾಕ್ಯ ಒಂದೇ ಉಸಿರಲ್ಲಿ ಹೇಳಲು ಆಗದಿದ್ದರೆ ವೇಗ ಹೆಚ್ಚಾಯಿತೆಂದು ಅರ್ಥ. ಕಡಿದಾದಲ್ಲಿ ಅಂಗೈಯನ್ನು ಮೊಣಕಾಲಿನ ಮೇಲ್ಭಾಗಕ್ಕೆ ಊರಿ ತಳ್ಳಿ, ಹೆಜ್ಜೆ ಸಣ್ಣದಿರಲಿ. ಮೊದಲ ಏರಿನಲ್ಲಿ ನಿಮ್ಮನ್ನು ದಾಟಿ ಹೋದವರಲ್ಲಿ ಬಹಳಷ್ಟು ಜನ ಕೊನೆಯ ಇಳಿತದಲ್ಲಿ ಕೂತಿರುತ್ತಾರೆ.

ಇಳಿತದ ವಿಷಯವನ್ನು ಬಿಡಿಸಿ ಹೇಳಬೇಕು. ಇಲ್ಲಿನ ಚಾರಣಿಗರ ಬಾಯಲ್ಲಿ ಸದಾ ಇರುವ ಮಾತು ಘಸಾರಾ: ಗಟ್ಟಿ ನೆಲದ ಮೇಲೆ ಹರಡಿದ ಸಣ್ಣ ಮುರುಮು ಕಲ್ಲು. ಶಹಾಬಾದ್ ಕಲ್ಲಿನ ನೆಲದ ಮೇಲೆ ಜೋಳ ಚೆಲ್ಲಿದ್ದರೆ ಕಾಲಿಟ್ಟಾಗ ಏನಾಗುತ್ತದೋ ಅದೇ ಇಲ್ಲಿಯೂ ಆಗುತ್ತದೆ. ಹೆದರಿದವರು ಮೈ ಹಿಂದಕ್ಕೆ ವಾಲಿಸಿ ಹಿಮ್ಮಡಿ ಊರಿ ಬ್ರೇಕ್ ಹಾಕುತ್ತಾರೆ. ಹಿಮ್ಮಡಿಯ ಅಡಿಯ ಕಲ್ಲು ಉರುಳುತ್ತದೆ, ಕಾಲು ಮುಂದಕ್ಕೆ ಹೋಗಿ ಕುಂಡಿ ನೆಲಕ್ಕೆ ಬಡಿಯುತ್ತದೆ, ಆತುಕೊಳ್ಳಲು ಹಿಂದೆ ಚಾಚಿದ ಅಂಗೈ ಹರಿಯುತ್ತದೆ. ಸರಿಯಾದ ಕ್ರಮ ಇದಕ್ಕೆ ವಿರುದ್ಧ. ಮೊಣಕಾಲು ಸದಾ ಸ್ವಲ್ಪ ಬಾಗಿರಲಿ, ಸೊಂಟ ಪಾದದ ನೇರಕ್ಕಿರಲಿ, ಹೆಜ್ಜೆ ಗಿಡ್ಡ, ಬೇಗ ಬೇಗ. ಪಾದದ ನಡುಭಾಗ ಊರಿ, ಭಾರ ಪೂರ್ತಿ ಬೀಳುವ ಮೊದಲೇ ಎತ್ತಿಬಿಡಿ. ಕೈಗಳನ್ನು ತುಸು ಅಗಲಿಸಿ. ಕಣ್ಣು ಪಾದದ ಮೇಲಲ್ಲ, ಮೂರು-ನಾಲ್ಕು ಮೀಟರ್ ಮುಂದೆ. ನಡುವಿನ ಸವೆದ ದಾರಿಗಿಂತ ಅಂಚಿನಲ್ಲಿ ಹುಲ್ಲಿನ ಬುಡವೋ ನೆಲದಲ್ಲಿ ಹೂತ ಕಲ್ಲೋ ಇದ್ದರೆ ಅದರ ಮೇಲೆ ಹೆಜ್ಜೆಯಿಡಿ. ಒಣಗಿದ ಕಾರ್ವಿ ಗಿಡ ಹಿಡಿದು ಜೋತಾಡಬೇಡಿ, ಬೇರುಸಮೇತ ಕೈಗೆ ಬರುತ್ತದೆ. ಹಿಂದೆ-ಮುಂದೆ ಇಳಿಯುವಾಗ ಇಬ್ಬರ ನಡುವೆ ಐದಾರು ಮೀಟರ್ ಅಂತರವಿರಲಿ. ಕಲ್ಲು ಉರುಳಿಸಿದರೆ "ಕಲ್ಲು!" ಅಂತ ಕೂಗಿ, ಮುಂದೆ ಬೇರೆಯವರಿದ್ದರೆ "ದಗಡ್!" ಅನ್ನಿ.

ದಾರಿ ತಪ್ಪುವುದು ಹೆಚ್ಚಾಗಿ ಢೋರವಾಟದಿಂದ. ದನಗಳು ತುಳಿದ ದಾರಿ ಅದು. ಮನುಷ್ಯರ ದಾರಿಯಿಂದ ಕವಲೊಡೆದು ಗುಡ್ಡದ ಹೊಟ್ಟೆಯ ಮೇಲೆ ಸಮತಟ್ಟಾಗಿ ಸಾಗುತ್ತದೆ, ಓಡಲು ಬಹಳ ಹಿತ, ಅದಕ್ಕೇ ಕಾಲು ತಾನಾಗಿ ಅತ್ತ ಹೊರಳುತ್ತದೆ. ಸ್ವಲ್ಪ ದೂರ ಹೋದ ಮೇಲೆ ಎರಡು ಮೂರು ಎಳೆಗಳಾಗಿ ಪೊದೆಯಲ್ಲಿ ಕರಗುತ್ತದೆ. ಸಗಣಿ ಇದೆ, ಗುರುತಿನ ರಿಬ್ಬನ್ ಇಲ್ಲ ಅಂದರೆ ಅನುಮಾನ ಪಡಿ. ಮೂರು ನಿಮಿಷ ರಿಬ್ಬನ್ ಕಾಣದಿದ್ದರೆ ಮುಂದಿನದನ್ನು ಹುಡುಕಬೇಡಿ, ಕೊನೆಯದಾಗಿ ಕಂಡದ್ದಕ್ಕೆ ವಾಪಸು ಹೋಗಿ. ಓಟದ ಜಿಪಿಎಕ್ಸ್ ಕಡತವನ್ನು (ಫೋನಿನ ನಕ್ಷೆಯಲ್ಲಿ ದಾರಿ ತೋರಿಸುವ ಫೈಲು) ಇಬ್ಬರ ಫೋನಿಗೂ ಮೊದಲೇ ಇಳಿಸಿಕೊಂಡಿರಬೇಕು. ಯಾರನ್ನಾದರೂ ದಾರಿ ಕೇಳಿದಾಗ ಸಿಗುವ ಮರಾಠಿ ಮಾತುಗಳು ಕನ್ನಡದವರಿಗೆ ಅರ್ಧ ಪರಿಚಿತವೇ: ಖಿಂಡ ಅಂದರೆ ಎರಡು ಗುಡ್ಡದ ನಡುವಿನ ಕಣಿವೆಬಾಯಿ, ನಮ್ಮ ಕಿಂಡಿಯಂತೆ. ಸೋಂಡ ಅಂದರೆ ಕೆಳಗಿಳಿಯುವ ಏಣು, ಆನೆಯ ಸೊಂಡಿಲಿನಂತೆ. ಮಾಚಿ ಅಂದರೆ ಕೋಟೆಯ ನೆತ್ತಿಗಿಂತ ಕೆಳಗಿನ ಚಾಚು.

ಕೋಟೆಯ ಬಂಡೆಗಳಲ್ಲಿ ಹೆಜ್ಜೇನು ಇರುತ್ತದೆ. ಸುಗಂಧ, ಹೊಗೆ, ಗಲಾಟೆ ಅದನ್ನು ಕೆರಳಿಸುತ್ತವೆ. ಓಟದ ದಿನ ಸೆಂಟು ಹಾಕಬೇಡಿ, ಬಂಡೆಯ ಕೆಳಗೆ ಕೂಗಬೇಡಿ. ಎದ್ದರೆ ಕೈ ಬೀಸದೆ ಮುಖ ಮುಚ್ಚಿಕೊಂಡು ದೂರ ಓಡಿ. ಆಮೇಲೆ ಮುಳ್ಳನ್ನು ತಡಮಾಡದೆ ಉಗುರಿನಿಂದ ಕೆರೆದು ತೆಗೆಯಿರಿ.

ಕೆಟ್ಟಾಗ

ಪಾದದಲ್ಲಿ ಒಂದೇ ಜಾಗ ಬಿಸಿಯಾಗಿ ಉರಿದರೆ ಅದು ಗುಳ್ಳೆಯ ಮುನ್ಸೂಚನೆ. ಆಗಲೇ ನಿಂತು ಒರೆಸಿ ಟೇಪ್ ಹಚ್ಚಿದರೆ ಎರಡು ನಿಮಿಷದ ಕೆಲಸ, ಬಿಟ್ಟರೆ ಉಳಿದ ದಾರಿಯೆಲ್ಲ ಕುಂಟು. ಮೀನಖಂಡ ಹಿಡಿದುಕೊಂಡರೆ ಕಾಲು ಚಾಚಿ ಪಾದದ ತುದಿಯನ್ನು ಮೈಕಡೆಗೆ ನಿಧಾನವಾಗಿ ಎಳೆದು ಹಿಡಿಯಿರಿ, ಒಂದೆರಡು ಗುಟುಕು ಓಆರ್‌ಎಸ್ ಕುಡಿಯಿರಿ, ವೇಗ ತಗ್ಗಿಸಿ. ಕಣಕಾಲು ಉಳುಕಿದಾಗ ಶೂ ಬಿಚ್ಚಬೇಡಿ, ಊತ ಬಂದರೆ ಮತ್ತೆ ಹಾಕಲಾಗುವುದಿಲ್ಲ. ಶೂ ಮೇಲೆಯೇ ಕ್ರೇಪ್ ಬ್ಯಾಂಡೇಜನ್ನು ಎಂಟರ ಆಕಾರದಲ್ಲಿ ಸುತ್ತಿ. ನಾಲ್ಕು ಹೆಜ್ಜೆ ಭಾರ ಹಾಕಲು ಆಗದಿದ್ದರೆ ಎಲುಬು ಮುರಿದಿರಬಹುದು, ಓಟ ಅಲ್ಲಿಗೇ ನಿಲ್ಲಿಸಿ. ಐಬುಪ್ರೊಫೆನ್, ಡೈಕ್ಲೋಫೆನಾಕ್ ತರಹದ ನೋವಿನ ಮಾತ್ರೆ ಓಟದ ನಡುವೆ ನುಂಗಲೇಬೇಡಿ. ನೀರು ಕಡಿಮೆಯಾದ ಮೈಯಲ್ಲಿ ಅವು ಮೂತ್ರಪಿಂಡಕ್ಕೆ ಕೇಡು.

ಬಿಸಿಲಿನ ಆಘಾತವೇ ಎಲ್ಲಕ್ಕಿಂತ ದೊಡ್ಡ ಭಯ. ಹತ್ತು ಗಂಟೆಯ ಮೇಲೆ ಜೊತೆಗಾರರು ಅಸಂಬದ್ಧ ಮಾತಾಡಿದರೆ, ತೂರಾಡಿದರೆ, ವಿನಾಕಾರಣ ಸಿಟ್ಟಾದರೆ, ಬೆವರುತ್ತಿದ್ದರೂ ಸರಿ, ಇದನ್ನೇ ಶಂಕಿಸಿ. ನೆರಳಿಗೆ ಕೂರಿಸಿ, ಇರುವ ನೀರನ್ನೆಲ್ಲ ತಲೆ, ಕುತ್ತಿಗೆ, ಎದೆಗೆ ಸುರಿದು ಟೋಪಿಯಿಂದ ಗಾಳಿ ಬೀಸಿ. ಮೊದಲು ತಂಪು ಮಾಡುವುದು, ಸಾಗಿಸುವುದು ಆಮೇಲೆ. ಹಾವು ಕಚ್ಚಿದರೆ ಕೊಯ್ಯುವುದು, ಹೀರುವುದು, ಬಿಗಿಯಾಗಿ ಕಟ್ಟುವುದು ಯಾವುದೂ ಬೇಡ. ಅಂಗ ಅಲ್ಲಾಡದಂತೆ ಇರಿಸಿ, ಉಂಗುರ-ಗಡಿಯಾರ ತೆಗೆದು, ಹೊತ್ತು ತನ್ನಿ. ಆಂಬುಲೆನ್ಸಿಗೆ 108, ಉಳಿದ ತುರ್ತಿಗೆ 112.

ಮುಗಿದ ಮೇಲೆ

ಕಾರಿನ ಕೀಲಿ ಯಾರ ಜೇಬಿನಲ್ಲೂ ಇರಬಾರದು. ಬೆವರು ಹೊಕ್ಕ ರಿಮೋಟ್ ಕೀಲಿ ಕೆಲಸ ಮಾಡದೆ ಗುಡ್ಡದ ಬುಡದಲ್ಲಿ ಕಾರಿನ ಮುಂದೆ ನಿಲ್ಲಬೇಕಾಗುತ್ತದೆ. ನಿಧಾನದವರ ಜೇಬಿನಲ್ಲಿದ್ದರಂತೂ ಮೊದಲು ಮುಗಿಸಿದವರು ಒದ್ದೆ ಬಟ್ಟೆಯಲ್ಲೇ ಎರಡು ತಾಸು ಕಾಯಬೇಕು. ಜಿಪ್ ಪೊಟ್ಟಣದಲ್ಲಿ ಹಾಕಿ, ಸಂಘಟಕರ ಬ್ಯಾಗು ಕೌಂಟರಿನಲ್ಲಿ ಇಬ್ಬರ ಹೆಸರೂ ಬರೆದ ಚೀಲದಲ್ಲಿಡಿ. ಅದೇ ಚೀಲದಲ್ಲಿ ಇಬ್ಬರ ಒಣ ಬಟ್ಟೆ, ಚಪ್ಪಲಿ, ಟವೆಲ್.

ಮುಗಿಸಿದ ಕೂಡಲೇ ಕೂರಬೇಡಿ, ಹತ್ತು ನಿಮಿಷ ಅಡ್ಡಾಡಿ. ಒಂದು ಗಂಟೆಯೊಳಗೆ ಊಟ. ಈಗ ಪಿಠ್ಲಾ-ಭಾಕರಿ, ಠೇಚಾ, ಮಡಕೆ ಮೊಸರು ಎಲ್ಲವೂ ಆಗಬಹುದು. ಉತ್ತರ ಕರ್ನಾಟಕದವರಿಗೆ ಅದು ಮನೆಯ ಝುಣಕ-ರೊಟ್ಟಿಯೇ. ಗಾಡಿ ಓಡಿಸುವವರು ಕನಿಷ್ಠ ಅರ್ಧ ಗಂಟೆ ಮಲಗಿ ಎದ್ದೇ ಹೊರಡಬೇಕು. ಮೂರೂವರೆಗೆ ಎದ್ದ ಕಣ್ಣು, ಊಟ, ಏಸಿ ಮೂರೂ ಸೇರಿದರೆ ನಿದ್ದೆ ಕೇಳಿ ಬರುವುದಿಲ್ಲ. ಭಾನುವಾರ ಸಂಜೆ ಮುಂಬೈ ಕಡೆಯ ಘಾಟು ಗಾಡಿಗಳಿಂದ ತುಂಬಿರುತ್ತದೆ. ಒಂದೋ, ಮಧ್ಯಾಹ್ನ ಎರಡರೊಳಗೆ ಪುಣೆ ದಾಟಿ, ಇಲ್ಲವೇ ರಾತ್ರಿ ಒಂಬತ್ತರವರೆಗೆ ಪುಣೆಯಲ್ಲೇ ಉಳಿಯಿರಿ.

ತೊಡೆಯ ನೋವು ಮರುದಿನದಿಂದ ಮೂರನೇ ದಿನದವರೆಗೆ ಹೆಚ್ಚುತ್ತದೆ, ಅದು ಸಹಜ. ಮೂತ್ರ ಕಪ್ಪು ಚಹಾದ ಬಣ್ಣಕ್ಕೆ ತಿರುಗಿದರೆ ಮಾತ್ರ ಸಹಜವಲ್ಲ, ಅದೇ ದಿನ ಡಾಕ್ಟರನ್ನು ಕಾಣಿ. ಸೋಮವಾರ ಲೋಕಲ್ ಸ್ಟೇಷನ್ನಿನ ಸೇತುವೆ ಇಳಿಯುವಾಗ ಪಕ್ಕದ ಕಂಬಿ ಹಿಡಿದು ಓರೆಯಾಗಿ, ಒಂದೊಂದೇ ಮೆಟ್ಟಿಲು ಇಳಿಯಿರಿ. ಗುರುವಾರದವರೆಗೆ ಓಟ ಬೇಡ, ಅರ್ಧ ಗಂಟೆ ನಡಿಗೆ ಸಾಕು. ಶೂಗಳ ಒಳಹಾಸು ತೆಗೆದು, ಒಳಗೆ ಹಳೆ ಪೇಪರ್ ತುರುಕಿ ನೆರಳಲ್ಲಿ ಒಣಗಿಸಿ, ಬಿಸಿಲಿಗಿಟ್ಟರೆ ಅಂಟು ಬಿಡುತ್ತದೆ. ಸಾಕ್ಸನ್ನು ಒಗೆಯುವ ಮೊದಲು ಒಳಮೈ ಹೊರಮಾಡಿ ಕುಸಳಗಳನ್ನು ಒಂದೊಂದಾಗಿ ಕಿತ್ತುಹಾಕಿ. ಮಷಿನ್‌ಗೆ ಹಾಗೇ ಹಾಕಿದರೆ ಅವು ಮನೆಮಂದಿಯ ಬಟ್ಟೆಗೆಲ್ಲ ಹರಡುತ್ತವೆ.